ಗ್ರೀನ್‌ಸ್ಟೆಡ್ ಚರ್ಚಿನ ಕಾಲ: 845 ಎಂಬ ಇಸವಿಯ ಕುರಿತು

ಎಸೆಕ್ಸ್ ಪ್ರಾಂತ್ಯದ ಆಂಗರ್ ಪಟ್ಟಣದ ಮಗ್ಗುಲಿನ ಗ್ರೀನ್‌ಸ್ಟೆಡ್ ಚರ್ಚನ್ನು ಕ್ರಿ.ಶ. 845ರದೆಂದು ಬರೆಯುವವರು ಇನ್ನೂ ಇದ್ದಾರೆ. 1960ರ ಸುಮಾರಿಗೆ ಮರದ ಉಂಗುರಗಳ ಪರೀಕ್ಷೆಯಿಂದ ಬಂದ ಇಸವಿ ಅದು. 1990ರ ದಶಕದ ಮರುಪರೀಕ್ಷೆ ಅದನ್ನು ತಳ್ಳಿಹಾಕಿತು. ಆದರೂ ಇವರು ಅದನ್ನು ಕೈಬಿಡದಿರುವುದಕ್ಕೆ ಕಾರಣ ಮರದಲ್ಲಿಲ್ಲ, ಸಂತನೆನಿಸಿದ ದೊರೆ ಎಡ್ಮಂಡನ ಕಥೆಯಲ್ಲಿದೆ.

ಡೇನರ ಭಯದಿಂದ 1010ರಲ್ಲಿ ಲಂಡನ್ನಿಗೆ ಒಯ್ದಿದ್ದ ಎಡ್ಮಂಡನ ದೇಹವನ್ನು 1013ರಲ್ಲಿ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣಕ್ಕೆ ಮರಳಿ ತರುವಾಗ ಆಂಗರ್ ಬಳಿ ಇಳಿಸಿದ್ದರೆಂದೂ, ಅದರ ನೆನಪಿಗೆ ಮರದ ಗುಡಿಯೊಂದು ಇಂದಿಗೂ ಅಲ್ಲಿದೆಯೆಂದೂ ಬರಿ ಪಟ್ಟಣದ ಮಠದ ದಾಖಲೆ ಹೇಳುತ್ತದೆ. ದಾಖಲೆಯಲ್ಲಿ ಗ್ರೀನ್‌ಸ್ಟೆಡ್ಡಿನ ಹೆಸರಿಲ್ಲ. ಆ ಗುಡಿಯೇ ಈ ಚರ್ಚು ಎಂಬ ಊಹೆಯನ್ನು ಬೆಳೆಸಿದವರು 18ನೆಯ ಶತಮಾನದ ಪುರಾತತ್ವಾಸಕ್ತರು. ಅವರಲ್ಲಿ ಸ್ಮಾರ್ಟ್ ಲೆಥ್ಯುಲಿಯರ್ ಮುಖ್ಯ. ಊಹೆ ಒಳ್ಳೆಯದೇ, ಆಂಗರ್ ಸುತ್ತ ಇದಕ್ಕೆ ಹೊಂದುವ ಮತ್ತೊಂದು ಮರದ ಚರ್ಚು ಉಳಿದಿಲ್ಲ. ಆದರೆ ಊಹೆ ನಿಲ್ಲಬೇಕಾದರೆ ಈಗ ಕಾಣುವ ಗೋಡೆ 1013ಕ್ಕಿಂತ ಹಳೆಯದಾಗಿರಬೇಕು ಎಂದು ಎಲ್ಲರೂ ನಂಬಿದರು. 845 ಬಂದಾಗ ಯಾರೂ ಪ್ರಶ್ನೆ ಕೇಳಲಿಲ್ಲ. ಇಂಗ್ಲೆಂಡಿನ ಓಕ್ ಮರಗಳಿಗೆ ಸ್ಯಾಕ್ಸನ್ ಕಾಲದವರೆಗೂ ತುಂಡಾಗದೆ ಸಾಗುವ ಉಂಗುರಗಳ ಮಾಪಕ 1960ರಲ್ಲಿ ಇನ್ನೂ ಸಿದ್ಧವಾಗಿರಲಿಲ್ಲ. ಮಾಪಕವಿಲ್ಲದೆ ಬಂದ ಇಸವಿಯನ್ನು ಅಷ್ಟು ಸಲೀಸಾಗಿ ಒಪ್ಪಿದ್ದು ಆಶ್ಚರ್ಯ.

ಮರುಪರೀಕ್ಷೆಯ ಫಲವನ್ನು ಉಲ್ಲೇಖಿಸುವವರೂ ಅದನ್ನು ಸರಿಯಾಗಿ ಓದಿಲ್ಲ. ಫಲ ಇಷ್ಟು: 1053, ಅದಕ್ಕೆ 10ರಿಂದ 55 ವರ್ಷ ಸೇರಿಸಬೇಕು. ಎಷ್ಟೋ ಬರಹಗಳಲ್ಲಿ ಇದು ‘1053ರಲ್ಲಿ ಕಟ್ಟಿದ ಚರ್ಚು’ ಎಂದಾಗಿಬಿಟ್ಟಿದೆ. ಓಕ್ ಮರದ ಚೇಗಿನ ಸುತ್ತ, ತೊಗಟೆಯ ಒಳಗೆ, ಬಿಳಿಮರದ ಪದರವಿರುತ್ತದೆ. ಹುಳ ಹತ್ತುವುದೂ ಕೊಳೆಯುವುದೂ ಅದೇ. ಬಡಗಿ ಕೆತ್ತಿ ಬಿಸಾಡುವುದೂ ಅದನ್ನೇ. ತೊಗಟೆಯ ಅಂಚಿನ ಕೊನೆಯ ಉಂಗುರ ಸಿಕ್ಕರೆ ಮರ ಕಡಿದ ವರ್ಷವನ್ನೇ ಹೇಳಬಹುದು. ಇಲ್ಲಿ ಅದು ಸಿಕ್ಕಿಲ್ಲ; 1053 ಎಂಬುದು ಉಳಿದ ಚೇಗಿನ ಕೊನೆಯ ಉಂಗುರದ ವರ್ಷ. ಹಾಗಾಗಿ ಹೋದ ಬಿಳಿಮರದಲ್ಲಿ ಎಷ್ಟು ಉಂಗುರಗಳಿದ್ದಿರಬಹುದು ಎಂದು ಅಂದಾಜು ಮಾಡಿ ಕೂಡಿಸುತ್ತಾರೆ. ಆಗ ಮರ ಕಡಿದದ್ದು 1063 ಮತ್ತು 1108ರ ನಡುವೆ ಎಂದಾಗುತ್ತದೆ. (ದಕ್ಷಿಣ ಇಂಗ್ಲೆಂಡಿಗೆ ಆಮೇಲೆ ಬಳಕೆಗೆ ಬಂದ 9ರಿಂದ 41ರ ಅಂದಾಜನ್ನು ಹಾಕಿದರೆ 1062ರಿಂದ 1094. ಇದು ನನ್ನ ಲೆಕ್ಕ, ಮರುಪರೀಕ್ಷಕರದಲ್ಲ; ನನ್ನ ವಾದಕ್ಕೆ ಎರಡರಲ್ಲಿ ಯಾವುದಾದರೂ ಆದೀತು.) ಹೇಗೆ ಎಣಿಸಿದರೂ ಈ ಅವಧಿಯಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ 1066ಕ್ಕೆ ಮುಂಚಿನ ವರ್ಷಗಳು ಬೆರಳೆಣಿಕೆಯಷ್ಟು. ನಾರ್ಮನ್ನರು ಬಂದಮೇಲೂ ಹಳ್ಳಿಯ ಬಡಗಿ ತನ್ನ ತಾತನಂತೆಯೇ ದಿಮ್ಮಿ ಸೀಳಿ, ಒಳಮೈಯನ್ನು ಬಾಚಿಯಿಂದ ನುಣುಪು ಮಾಡಿ, ಹೊರಮೈಯ ಗುಂಡನ್ನು ಹಾಗೇ ಬಿಟ್ಟು, ಪಕ್ಕದ ತೋಡುಗಳಲ್ಲಿ ಮರದ ಪಟ್ಟಿ ಕೂರಿಸಿ ಗೋಡೆ ನಿಲ್ಲಿಸಿರಲು ಅಡ್ಡಿಯೇನು? ‘ಸ್ಯಾಕ್ಸನ್ ಚರ್ಚು’ ಎಂಬ ಹಣೆಪಟ್ಟಿ ಕೆಲಸದ ರೀತಿಗೆ ಸಲ್ಲಬಹುದು, ಕಾಲಕ್ಕೆ ಸಲ್ಲಲೇಬೇಕೆಂದಿಲ್ಲ.

ಹಾಗಾದರೆ ಎಡ್ಮಂಡನ ಕಥೆ ಬಿದ್ದುಹೋಯಿತೆ? ಹೊಸ ಇಸವಿಯನ್ನು ಒಪ್ಪಿದವರು ಅದನ್ನು ಅವಸರದಲ್ಲಿ ದಂತಕಥೆಗಳ ಮೂಲೆಗೆ ಎಸೆದುಬಿಟ್ಟಿದ್ದಾರೆ. 845ನ್ನು ಹಿಡಿದವರೂ ಇವರೂ ಮಾಡಿದ ತಪ್ಪು ಒಂದೇ: ಗುಡಿಯನ್ನೂ ಗೋಡೆಯನ್ನೂ ಒಂದೆಂದು ಎಣಿಸಿದ್ದು. 1960ರಲ್ಲಿ ಹೋಕನ್ ಕ್ರಿಸ್ಟಿ, ಓಲಾಫ್ ಓಲ್ಸೆನ್ ಮತ್ತು ಎಚ್. ಎಂ. ಟೇಲರ್ ಇಟ್ಟಿಗೆಯ ಬಲಿಪೀಠದ ಅಂಕಣದ ನೆಲ ಅಗೆದಾಗ ಹಿಂದಿನ ಎರಡು ಮರದ ಕಟ್ಟಡಗಳ ಗುರುತು ಸಿಕ್ಕಿತ್ತು. ವರದಿ ಅಚ್ಚಾದದ್ದು 1979ರಲ್ಲಿ. ಅಷ್ಟರಲ್ಲಿ 845 ಬೇರೂರಿತ್ತು. ಈ ವರದಿಯನ್ನು ಆಳವಾಗಿ ಓದಿದವರು ಕಡಿಮೆ. ನಾರ್ವೆಯ ಮರದ ಚರ್ಚುಗಳನ್ನು ಬಲ್ಲ ಕ್ರಿಸ್ಟಿಯಂಥವರು ಮಣ್ಣಿನ ಬಣ್ಣ ನೋಡಿ ಹೇಳಿದ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. 1013ರಲ್ಲಿ ದೇಹವನ್ನು ಇಳಿಸಿದ್ದು ನೆಲದಡಿಯ ಈ ಕಟ್ಟಡಗಳಲ್ಲೊಂದರಲ್ಲಿ ಎನ್ನುವುದಕ್ಕೆ ಯಾವ ತೊಡಕೂ ಇಲ್ಲ. ‘ಇಂದಿಗೂ ಇದೆ’ ಎಂದ ಸನ್ಯಾಸಿ ತನ್ನ ಕಾಲದಲ್ಲಿ ಕಂಡದ್ದು ಮರುಕಟ್ಟಿದ ಗುಡಿಯನ್ನು ಆಗಿರಬಹುದು. ಜಾಗ ಅದೇ, ಮರವೂ ಮರವೇ. ಅವನು ದಿಮ್ಮಿಗಳ ವಯಸ್ಸಿಗೆ ಸಾಕ್ಷಿ ಹೇಳಲು ಕೂತವನಲ್ಲ.

ಗೋಡೆಯ ಬುಡ ಉಳಿದಿದ್ದರೆ ಈ ಚರ್ಚೆ ಇಷ್ಟು ಬೆಳೆಯುತ್ತಿರಲಿಲ್ಲವೇನೋ. 1848ರ ಜೀರ್ಣೋದ್ಧಾರದಲ್ಲಿ ಕೊಳೆತಿದ್ದ ಬುಡಗಳನ್ನು ಕೊಯ್ದು, ಗೋಡೆಯನ್ನು ಇಟ್ಟಿಗೆಯ ಪಾಯದ ಮೇಲೆ ಕೂರಿಸಿದರು. ಗೋಡೆ ಉಳಿದದ್ದು ಅದರಿಂದಲೇ, ನಿಜ. ಆದರೆ ಮೂಲದಲ್ಲಿ ಅದು ನೆಲಕ್ಕೆ ಹೇಗೆ ಕೂಡಿಕೊಂಡಿತ್ತೆಂಬ ನೇರ ಸಾಕ್ಷ್ಯ ಗರಗಸದ ಹೊಟ್ಟಿನ ಜೊತೆ ಹೋಯಿತು.

ನೆಲದಡಿಯ ಕಟ್ಟಡಗಳನ್ನು 7ನೆಯ ಶತಮಾನಕ್ಕೆ, ಎಸೆಕ್ಸಿನಲ್ಲಿ ಧರ್ಮಪ್ರಚಾರ ಮಾಡಿದ ಸಂತ ಕೆಡ್ಡನ ಕಾಲಕ್ಕೆ ಒಯ್ಯುವ ಉತ್ಸಾಹವೂ ಕಾಣುತ್ತದೆ. ಅದು 845ರದೇ ಹಟ, ಒಂದು ಅಡಿ ಕೆಳಗೆ. ಕೊಳೆತ ಕಂಬದ ಗುಳಿಯಲ್ಲಿ ಉಂಗುರ ಎಣಿಸಲಾಗದು. ಅವುಗಳಲ್ಲಿ ಒಂದಾದರೂ 1013ರ ವೇಳೆಗೆ ಇತ್ತು ಎನ್ನುವವರೆಗೆ ಮಾತ್ರ ನಾನು ಬರಬಲ್ಲೆ. ಅದೂ ಬರಿ ಪಟ್ಟಣದ ಮಠದ ದಾಖಲೆಯನ್ನು ನಂಬಿದರೆ, ಆಂಗರ್ ಬಳಿಯ ಗುಡಿ ಇದೇ ಎಂದು ಒಪ್ಪಿದರೆ.