ಶೋಕೇಸಿನಲ್ಲಿ ಅಕ್ಕನ ಫೋಟೋ

ಎಂಬತ್ತರ ದಶಕದ ಮಾತು. ನಾನಾಗ ಹೈಸ್ಕೂಲು. ಗಂಡಿನ ಕಡೆಯವರಿಗೆ ಕಳಿಸಲೆಂದು ಊರಿನ ಸ್ಟುಡಿಯೋದಲ್ಲಿ ಅಕ್ಕನ ಫೋಟೋ ತೆಗೆಸಿದ್ದರು. ತಿಂಗಳೊಪ್ಪತ್ತಿನಲ್ಲಿ ಅದೇ ಫೋಟೋ ದೊಡ್ಡದಾಗಿ ಸ್ಟುಡಿಯೋದ ಶೋಕೇಸಿನಲ್ಲಿ ಕೂತಿತ್ತು. ಅಕ್ಕ ಆ ರಸ್ತೆ ಬಿಟ್ಟು ಸುತ್ತು ಹಾಕಿ ಕಾಲೇಜಿಗೆ ಹೋಗತೊಡಗಿದಳು. ಅಪ್ಪ ಕೇಳಿದ್ದಕ್ಕೆ “ನೆಗೆಟಿವ್ ನಂದು, ಕೆಲಸ ನಂದು ರಾಯರೇ, ಚೆನ್ನಾಗಿ ಬಂದಿದೆ ಅಂತ ಹಾಕಿದೀನಿ” ಅಂದರಂತೆ. ಕೈಮುಗಿದು ಬೇಡಿಕೊಂಡು ತೆಗೆಸಬೇಕಾಯಿತು.

ಮೊನ್ನೆ ಇಲ್ಲಿ ಮುಂಬಯಿಯಲ್ಲಿ ಮಗಳ ಮದುವೆಗೆ ಫೋಟೋಗ್ರಾಫರನನ್ನು ಗೊತ್ತು ಮಾಡುವಾಗ ಇದೆಲ್ಲ ನೆನಪಾಯಿತು. ಆತನ ಕರಾರುಪತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿತ್ತು: ಚಿತ್ರಗಳನ್ನು ತಮ್ಮ ಪ್ರಚಾರಕ್ಕೆ ಬಳಸಿಕೊಳ್ಳಬಹುದು. ಸಣ್ಣಕ್ಷರ ಓದುವುದು ಬ್ಯಾಂಕಿನವರ ಚಟ ನೋಡಿ, ಕಣ್ಣಿಗೆ ಬಿತ್ತು!

ನೆಗೆಟಿವ್ ಯಾರದೋ ಅವರದೇ ಫೋಟೋ ಎನ್ನುವ ವಾದ ಹಳೆಯದು. ಅದಕ್ಕೆ ಉತ್ತರವೂ ಅಷ್ಟೇ ಹಳೆಯದು. ಇಂಗ್ಲೆಂಡಿನ ರಾಚೆಸ್ಟರ್ ಊರಿನಲ್ಲಿ ಶ್ರೀಮತಿ ಪೊಲಾರ್ಡ್ ಎಂಬಾಕೆ ದುಡ್ಡು ಕೊಟ್ಟು ಫೋಟೋ ತೆಗೆಸಿಕೊಂಡರು. ಸ್ಟುಡಿಯೋದವರು ಅದನ್ನು ಕ್ರಿಸ್ಮಸ್ ಕಾರ್ಡ್ ಮಾಡಿ ಅಂಗಡಿಯ ಕಿಟಕಿಯಲ್ಲಿಟ್ಟರು. ಗಂಡ ಹೆಂಡತಿ ಕೋರ್ಟಿಗೆ ಹೋದರು. 1888ರಲ್ಲಿ ನ್ಯಾಯಮೂರ್ತಿ ನಾರ್ತ್ ತಡೆಯಾಜ್ಞೆ ಕೊಟ್ಟರು. ಅವರ ತರ್ಕ ಸರಳ. ನೆಗೆಟಿವ್ ಸ್ಟುಡಿಯೋದಲ್ಲಿ ಉಳಿಯುವುದು ಗಿರಾಕಿ ಕೇಳಿದಷ್ಟು ಪ್ರತಿ ಹಾಕಿಕೊಡಲು. ಬೇರೆಯದಕ್ಕೆ ಬಳಸಿದರೆ ಅದು ಬಾಯಿಬಿಟ್ಟು ಹೇಳದಿದ್ದರೂ ಇದ್ದೇ ಇರುವ ಒಪ್ಪಂದದ ಭಂಗ, ನಂಬಿಕೆಯ ದ್ರೋಹ. ಖಾತೆ ತೆರೆಯಲು ನೀವು ಕೊಟ್ಟ ಫೋಟೋವನ್ನು ನಾವು ಬ್ಯಾಂಕಿನ ಜಾಹೀರಾತಿಗೆ ಹಾಕಿಕೊಂಡರೆ ಸುಮ್ಮನಿರುತ್ತೀರಾ? ಹಾಗೇ ಇದು.

ಅಮೆರಿಕದಲ್ಲೂ ಒಂದು ರಾಚೆಸ್ಟರ್ ಇದೆ, ನ್ಯೂಯಾರ್ಕ್ ರಾಜ್ಯದಲ್ಲಿ. ಅಲ್ಲಿನ ಅಬಿಗೇಲ್ ರಾಬರ್ಸನ್ ಎಂಬ ಹುಡುಗಿಯ ಚಿತ್ರವನ್ನು ಕೇಳದೆಯೇ ಹಿಟ್ಟಿನ ಜಾಹೀರಾತಿಗೆ ಹಾಕಿ ಸುಮಾರು 25,000 ಪ್ರತಿ ಅಚ್ಚು ಹಾಕಿದ್ದರು. 1902ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ 4-3ರ ಬಹುಮತದಿಂದ ಆಕೆಯ ವಿರುದ್ಧ ತೀರ್ಪು ಕೊಟ್ಟಿತು. ಜನ ಸಿಟ್ಟಾದರು. ಮರುವರ್ಷವೇ ಶಾಸನಸಭೆ ಕಾನೂನು ಮಾಡಿ, ವ್ಯಾಪಾರಕ್ಕೆ ಒಬ್ಬರ ಚಿತ್ರ ಬಳಸಲು ಲಿಖಿತ ಒಪ್ಪಿಗೆ ಬೇಕೆಂದಿತು. ಮುಂದೆ ಅದರಲ್ಲಿ ಫೋಟೋಗ್ರಾಫರರಿಗೆ ಒಂದು ವಿನಾಯಿತಿ ಸೇರಿತು. ತಮ್ಮ ಸ್ಟುಡಿಯೋದಲ್ಲಿ ಮಾದರಿಗೆಂದು ಚಿತ್ರ ತೂಗುಹಾಕಬಹುದು, ಚಿತ್ರದಲ್ಲಿರುವವರು ಬೇಡವೆಂದು ಬರೆದುಕೊಟ್ಟರೆ ತೆಗೆಯಬೇಕು.

ನಮ್ಮಲ್ಲಿ? 1914ರ ಕಾಯ್ದೆ ಬ್ರಿಟಿಷರ ನಿಯಮವನ್ನೇ ತಂದಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಅದನ್ನು ಉಳಿಸಿಕೊಂಡಿತು. ದುಡ್ಡು ಕೊಟ್ಟು ಫೋಟೋ ತೆಗೆಸಿದವರೇ ಅದರ ಮೊದಲ ಹಕ್ಕುದಾರರು. ಅಂದರೆ ಅಕ್ಕನ ಫೋಟೋ ಕೇಳದೆ ದೊಡ್ಡದು ಮಾಡಲು ಸ್ಟುಡಿಯೋದವರಿಗೆ ಹಕ್ಕಿರಲಿಲ್ಲ. ಅಪ್ಪನಿಗೆ ಕಾನೂನು ಗೊತ್ತಿರಲಿಲ್ಲ, ಆದರೆ ಕಾನೂನು ಅಪ್ಪನ ಕಡೆಗೇ ಇತ್ತು! 1994ರಲ್ಲಿ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಒಬ್ಬರ ಹೆಸರನ್ನೋ ಚಿತ್ರವನ್ನೋ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಎಂದಿತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆದರೆ 17ನೇ ಸೆಕ್ಷನ್‌ನಲ್ಲಿ ಒಂದು ಕೊಕ್ಕೆ ಇದೆ: “ಬೇರೆ ಕರಾರು ಇಲ್ಲದಿದ್ದಲ್ಲಿ”. ಅಕ್ಕನ ಕಾಲದಲ್ಲಿ ಕರಾರೇ ಇರಲಿಲ್ಲ, ಹಕ್ಕು ನಮ್ಮದೇ ಆಗಿತ್ತು. ಈಗ ನಾವೇ ಓದದೆ ಸಹಿ ಹಾಕಿ ಅದನ್ನು ಬಿಟ್ಟುಕೊಡುತ್ತಿದ್ದೇವೆ. ಅಂದಿನ ಶೋಕೇಸಿಗೆ ಇದ್ದದ್ದು ಒಂದೇ ರಸ್ತೆ, ಸುತ್ತು ಹಾಕಿ ಹೋಗಬಹುದಿತ್ತು. ಇಂದಿನ ಇನ್‌ಸ್ಟಾಗ್ರಾಂ ಶೋಕೇಸಿಗೆ ಸುತ್ತು ದಾರಿ ಎಲ್ಲಿದೆ?

ಫೋಟೋಗ್ರಾಫರ್ ಹುಡುಗನೂ ಕೆಟ್ಟವನೇನಲ್ಲ. ಕೆಲಸ ತೋರಿಸದಿದ್ದರೆ ಮುಂದಿನ ಗಿರಾಕಿ ಹೇಗೆ ಬರುತ್ತಾರೆ ಸಾರ್ ಎಂದ. ನಿಜವೇ. ಕೊನೆಗೆ ಆ ಸಾಲು ಹೊಡೆದುಹಾಕಿ, ಮಗಳು ತಾನೇ ಆರಿಸಿದ ಐದು ಚಿತ್ರಗಳನ್ನು ಮಾತ್ರ ಹಾಕಬಹುದೆಂದು ಬರೆದು ಇಬ್ಬರೂ ಸಹಿ ಮಾಡಿದೆವು. ಐದೇ ನಿಮಿಷದ ಕೆಲಸ.

ಸಂಜೆ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗ ನನ್ನನ್ನ ಯಾರೂ ಕೇಳ್ಲೇ ಇಲ್ಲ ನೋಡು” ಅಂದಳು.