ಬುಲೆಟ್ಟಿಗೆ ಕುಂಟೆ

ಬೋಪಾಲ್‌ನ ಕನ್ನಡ ಕೇಳುಗರೇ, ಸರ್ಖೇಜ್ ದಾಟಿ ಸೌರಾಷ್ಟ್ರದ ಕಡೆ ಹೋದವರು ಛಕಡೊ ನೋಡಿರುತ್ತೀರಿ. ಮುಂದೆ ಬುಲೆಟ್ಟಿನ ಮೂತಿ, ಹಿಂದೆ ಗಾಡಿ, ಕಿವಿಗಡಚಿಕ್ಕುವ ಸದ್ದು! ಅಮೆರಿಕದ ಹುಡುಗರು 1930–40ರ ದಶಕಗಳಲ್ಲಿ ಹಳೇ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಳಚಿ, ಎಂಜಿನ್ ಬದಲಿಸಿ, ಮನೆಯ ಶೆಡ್ಡಿನಲ್ಲೇ ‘ಹಾಟ್ ರಾಡ್’ ಕಟ್ಟುತ್ತಿದ್ದರು. ಅವರಿಗೆ ವೇಗದ ಹುಚ್ಚು. ಇಲ್ಲಿಯದು ಹೊಟ್ಟೆಪಾಡು.

ಅಮ್ರೇಲಿ ಜಿಲ್ಲೆಯ ಮನ್ಸುಖ್‌ಭಾಯಿ ಜಗಾನಿ ಅವರ ಕಥೆ ಕೇಳಿ. ಬರಗಾಲ, ಎತ್ತಿಗೆ ಮೇವಿಲ್ಲ, ಟ್ರ್ಯಾಕ್ಟರ್ ಕೈಗೆಟುಕದು. 1994ರಲ್ಲಿ ಅವರು ಡೀಸೆಲ್ ಬುಲೆಟ್ಟಿನ ಹಿಂದಿನ ಚಕ್ರ ತೆಗೆದು, ಎರಡು ಚಕ್ರಗಳ ಚೌಕಟ್ಟು ಕೂರಿಸಿ, ಅದಕ್ಕೆ ಕುಂಟೆ, ಕೂರಿಗೆ ಸಿಕ್ಕಿಸಿದರು. ಹೆಸರು ‘ಬುಲೆಟ್ ಸಾಂತಿ’. ಒಂದು ಎಕರೆಗೆ ಸುಮಾರು ಅರ್ಧ ಗಂಟೆ, ಎರಡು ಲೀಟರ್ ಡೀಸೆಲ್ ಸಾಕು. ನಮ್ಮ ಅಹಮದಾಬಾದಿನ ಐಐಎಂನಲ್ಲಿ ಪ್ರಾಧ್ಯಾಪಕರಾಗಿದ್ದ ಅನಿಲ್ ಗುಪ್ತಾ ಅವರ ಹನಿ ಬೀ ಬಳಗ ಇದನ್ನು ಹೊರಜಗತ್ತಿಗೆ ತೋರಿಸಿತು. ಅಮೆರಿಕದ ಪೇಟೆಂಟೂ ಬಂತು, ಹಾಟ್ ರಾಡ್ ಹುಟ್ಟಿದ ನಾಡಿನದೇ!

ಹಾಗಂತ ಪಾರ್ಕಿಂಗ್‌ನಲ್ಲಿರುವ ನಿಮ್ಮ ಹಳೇ ಬೈಕಿಗೆ ಗರಗಸ ಹಾಕೀರಿ, ಜೋಕೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ವಾಹನದ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಜಗಾನಿ ಅವರ ಜಾಣತನ ನೋಡಿ: ಕುಂಟೆ ಕಳಚಿ ಹಿಂದಿನ ಚಕ್ರ ಮತ್ತೆ ಹಾಕಿದರೆ, ಅದೇ ಬುಲೆಟ್ ಸಂತೆಗೆ ಹೊರಡುತ್ತದೆ.