ಗರುಡ ಲಾಂಛನ: ರಾಷ್ಟ್ರಕೂಟರ ರಾಜಮುದ್ರೆ

ರಾಷ್ಟ್ರಕೂಟ ಅರಸರ ಲಾಂಛನ ಗರುಡ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಗಿರುವ ಮಳಖೇಡವೇ ಅವರ ರಾಜಧಾನಿ ಮಾನ್ಯಖೇಟ.

ಅವರಿಗಿಂತ ಮೊದಲು ಆಳಿದ ಬಾದಾಮಿ ಚಾಲುಕ್ಯರ ಲಾಂಛನ ವರಾಹ. ಕ್ರಿ.ಶ. 753ರ ಸುಮಾರಿಗೆ ರಾಷ್ಟ್ರಕೂಟರ ದಂತಿದುರ್ಗನು ಚಾಲುಕ್ಯರನ್ನು ಸೋಲಿಸಿದ. ಮುಂದೆ ರಾಷ್ಟ್ರಕೂಟರ ತಾಮ್ರಶಾಸನಗಳ ಮುದ್ರೆಯಲ್ಲಿ ಗರುಡ ನೆಲೆಗೊಂಡಿತು.

ಭೂದಾನದ ವಿವರವನ್ನು ತಾಮ್ರದ ಹಲಗೆಗಳ ಮೇಲೆ ಕೊರೆಯುತ್ತಿದ್ದರು. ಸಾಮಾನ್ಯವಾಗಿ ಮೂರು ಹಲಗೆ. ಅಕ್ಷರ ಸವೆಯದಂತೆ ಮೊದಲ ಮತ್ತು ಕೊನೆಯ ಹಲಗೆಗಳ ಹೊರಮೈ ಖಾಲಿ. ಹಲಗೆಗಳ ತೂತಿನಲ್ಲಿ ತಾಮ್ರದ ಬಳೆ ಪೋಣಿಸಿ, ಅದರ ಎರಡು ತುದಿಗಳನ್ನು ಮುದ್ರೆಯ ಬುಡಕ್ಕೆ ಬೆಸೆಯುತ್ತಿದ್ದರು. ಮುದ್ರೆಯ ಮೇಲೆ ಉಬ್ಬಾಗಿ ಮೂಡಿದ ಗರುಡನ ಕೈಗಳಲ್ಲಿ ಹಾವುಗಳಿರುತ್ತವೆ. ಬಳೆ ಕತ್ತರಿಸದೆ ಹಲಗೆ ಬದಲಿಸಲಾಗದು. ಹೀಗೆ ಲಾಂಛನವು ರಾಜನ ಗುರುತೂ ಆಗಿತ್ತು, ದಾಖಲೆಯ ಕಾವಲೂ ಆಗಿತ್ತು.

972ರಲ್ಲಿ ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆಗೈದ. ಮರುವರ್ಷ ಕಲ್ಯಾಣ ಚಾಲುಕ್ಯರ ಎರಡನೆಯ ತೈಲಪ ಅಧಿಕಾರಕ್ಕೆ ಬಂದ. ಈ ಚಾಲುಕ್ಯರೊಂದಿಗೆ ವರಾಹ ಲಾಂಛನ ಮರಳಿತು. ದೇವಗಿರಿಯ ಸೇವುಣರು ಮತ್ತೆ ಗರುಡನನ್ನೇ ಆರಿಸಿಕೊಂಡರು.

ಕರ್ನಾಟಕ ಸರ್ಕಾರದ ಇಂದಿನ ಲಾಂಛನದಲ್ಲಿರುವ ಹಕ್ಕಿ ಮಾತ್ರ ಈ ಗರುಡನಲ್ಲ, ಗಂಡಭೇರುಂಡ; ಅದು ಮೈಸೂರು ಒಡೆಯರ ರಾಜಚಿಹ್ನೆಯಿಂದ ಬಂದದ್ದು.